ತಪ್ಪು ಉತ್ತರದಿಂದ ಹಿಂದಕ್ಕೆ ನಡೆಯುವುದು

(ಟ್ರಸ್ಟಿನ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಪ್ರೌಢಶಾಲಾ ಗಣಿತ ಶಿಕ್ಷಕರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ಹದಿನೈದು ದಿನದ ಹಿಂದೆ ಕಾರ್ಯದರ್ಶಿಯವರು ಫೋನ್ ಮಾಡಿದ್ದರು. “ಸರ್, ಈ ಸಲ ವಿದ್ಯಾರ್ಥಿವೇತನ ಪಡೆಯುವವರಲ್ಲಿ ಕಂಪ್ಯೂಟರ್ ಓದುವ ಮಕ್ಕಳು ಬಹಳ ಇದ್ದಾರೆ. ಅವರಿಗೆ ಉಪಯೋಗಕ್ಕೆ ಬರುವಂಥ ವಿಷಯ ಹೇಳಿ, ಬರೀ ಹಿತವಚನ ಬೇಡ” ಅಂದರು. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಗಣಿತ ಕಲಿಸಿದವನು. ಕಂಪ್ಯೂಟರ್ ನನ್ನ ಕೈಗೆ ಬಂದದ್ದು ತಡವಾಗಿ. ಆದರೂ ಕಂಪ್ಯೂಟರ್ ವಿದ್ಯೆಯಲ್ಲಿ ಒಂದು ವಿಷಯ ನನ್ನ ಬದುಕಿಗೆ ನೇರವಾಗಿ ತಟ್ಟಿದೆ. ಅದರ ಹೆಸರು ಪ್ರೋಗ್ರಾಮ್ ಸ್ಲೈಸಿಂಗ್. ಇವತ್ತು ಅದನ್ನೇ ಹೇಳುತ್ತೇನೆ.

ಮೊದಲು ಅದು ನನಗೆ ಹೇಗೆ ಗೊತ್ತಾಯಿತು ಎಂಬುದನ್ನು ಹೇಳಬೇಕು.

ನಾನು ನಿವೃತ್ತನಾಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ಹತ್ತನೇ ತರಗತಿ ಮುಗಿಸಿದ ಮಕ್ಕಳಿಗೆ ಒಂದು ಸಂಸ್ಥೆ ಸಹಾಯಧನ ಕೊಡುತ್ತಿತ್ತು. ಸಂಸ್ಥೆಯ ಹೆಸರು ಹೇಳುವುದಿಲ್ಲ. ಅವರೂ ಒಳ್ಳೆಯ ಮನಸ್ಸಿನಿಂದಲೇ ನಡೆಸುತ್ತಿದ್ದರು. ಸರಾಸರಿ 75 ಅಥವಾ ಅದಕ್ಕಿಂತ ಹೆಚ್ಚು ಬಂದವರಿಗೆಲ್ಲ ಹಣ ಎಂಬುದು ನಿಯಮ. ಪಟ್ಟಿಯನ್ನು ಕಂಪ್ಯೂಟರ್ ತಯಾರಿಸುತ್ತಿತ್ತು. ನನ್ನ ತರಗತಿಯ ಒಬ್ಬ ಹುಡುಗಿಗೆ, ಪ್ರತಿ ವಿಷಯವನ್ನೂ ನೂರಕ್ಕೆ ಇಳಿಸಿಕೊಂಡು ನೋಡಿದರೆ, ಆರು ವಿಷಯ ಸೇರಿ 480 ಅಂಕ ಬಂದಿತ್ತು. ಸರಾಸರಿ 80. ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ.

ಅವಳ ತಂದೆ ಹೊಲಿಗೆ ಕೆಲಸದವರು. ಅಂಕಪಟ್ಟಿ ಹಿಡಿದುಕೊಂಡು ಮನೆಗೆ ಬಂದರು. “ಸರ್, ನಮ್ಮ ಹುಡುಗಿ ಏನಾದರೂ ತಪ್ಪು ಮಾಡಿದ್ದಾಳಾ?” ಎಂದು ಕೇಳಿದರು. ಯಂತ್ರ ಕೈಬಿಟ್ಟಿದೆ ಅಂದರೆ ತಮ್ಮ ಮಗಳದೇ ಏನೋ ತಪ್ಪಿರಬೇಕು ಎಂದು ಅವರು ಅಂದುಕೊಂಡಿದ್ದರು. ನಾನು ಅವರ ಜೊತೆ ಆ ಕಚೇರಿಗೆ ಹೋದೆ. ಅಲ್ಲಿದ್ದ ಹುಡುಗ ಒಳ್ಳೆಯವನೇ. ಪ್ರೋಗ್ರಾಮನ್ನು ಮೊದಲನೇ ಸಾಲಿನಿಂದ ಓದುತ್ತೇನೆ, ತಪ್ಪು ಸಿಕ್ಕರೆ ತಿಳಿಸುತ್ತೇನೆ ಅಂದ. ಅದನ್ನು ಬರೆದದ್ದು ಅವನಲ್ಲ, ಬರೆದವರು ಬಿಟ್ಟು ಹೋಗಿದ್ದರು. ಸಾವಿರಾರು ಸಾಲು. ದಿನಾ ಸ್ವಲ್ಪ ಓದುವುದು, ಮರುದಿನ ಹಿಂದಿನದು ಮರೆತು ಮತ್ತೆ ಮೊದಲಿನಿಂದ ಓದುವುದು. ಹೀಗೆ ಆರು ವಾರ ಹೋಯಿತು. ಅಷ್ಟರಲ್ಲಿ ಪಿಯುಸಿ ಪ್ರವೇಶದ ಕೊನೆಯ ದಿನ ಮುಗಿದಿತ್ತು. ಶುಲ್ಕ ಕಟ್ಟಲಾಗದೆ ಆ ಹುಡುಗಿ ಮನೆಯಲ್ಲಿ ಉಳಿದಳು.

ಕೊನೆಗೆ ರಜೆಗೆ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆದುಕೊಂಡು ಹೋದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಅವನು ಮೊದಲನೇ ಸಾಲನ್ನು ನೋಡಲೇ ಇಲ್ಲ. “ಸರ್, ತಪ್ಪು ಎಲ್ಲಿ ಕಾಣಿಸಿದೆಯೋ ಅಲ್ಲಿಂದ ಹಿಂದಕ್ಕೆ ಹೋಗೋಣ” ಅಂದ. ಮಧ್ಯಾಹ್ನ ಕೂತವನು ಸಂಜೆ ಚಹಾದ ಹೊತ್ತಿಗೆ ತಪ್ಪು ಸಾಲಿನ ಮೇಲೆ ಬೆರಳಿಟ್ಟ.

ಅವನು ಮಾಡಿದ್ದು ಜಾದೂ ಅಲ್ಲ. ಅದೊಂದು ಕ್ರಮ, ಕಲಿತರೆ ಯಾರಿಗಾದರೂ ಬರುತ್ತದೆ. ಅದನ್ನು ಯಂತ್ರಕ್ಕೂ ಕಲಿಸಬಹುದು, ಕಲಿಸಿದ್ದಾರೆ. ಈಗ ಹಲಗೆಯ ಕಡೆ ನೋಡಿ. ಆ ದೊಡ್ಡ ಪ್ರೋಗ್ರಾಮಿನ ತಿರುಳನ್ನು ಹನ್ನೆರಡು ಸಾಲಿನಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಇದರೊಳಗೆ ಆ ತಪ್ಪೂ ಇದೆ.

1. ದಿನಾಂಕ = ಇಂದಿನ ದಿನಾಂಕ
2. ಒಟ್ಟು = 0
3. ಸಂಖ್ಯೆ = 1
4. ಶುಲ್ಕ = 0
5. ಓದದ ವಿಷಯ ಉಳಿದಿರುವವರೆಗೆ 6ರಿಂದ 9ರವರೆಗಿನ ಸಾಲುಗಳನ್ನು ಮತ್ತೆ ಮತ್ತೆ ಮಾಡು
6. ಅಂಕ = ಮುಂದಿನ ವಿಷಯದ ಅಂಕ ಓದು
7. ಒಟ್ಟು = ಒಟ್ಟು + ಅಂಕ
8. ಸಂಖ್ಯೆ = ಸಂಖ್ಯೆ + 1
9. ಶುಲ್ಕ = ಶುಲ್ಕ + 50
10. ಸರಾಸರಿ = ಒಟ್ಟು ÷ ಸಂಖ್ಯೆ
11. ದಿನಾಂಕ, ಶುಲ್ಕ ಮುದ್ರಿಸು
12. ಸರಾಸರಿ 75 ಅಥವಾ ಹೆಚ್ಚಿದ್ದರೆ ‘ಆಯ್ಕೆ’ ಎಂದು ಮುದ್ರಿಸು

ಹುಡುಗಿಯ ಹೆಸರಿನ ಮುಂದೆ ‘ಆಯ್ಕೆ’ ಬರಲಿಲ್ಲ. ಅಂದರೆ ತಪ್ಪು ಕಾಣಿಸಿದ್ದು 12ನೇ ಸಾಲಿನಲ್ಲಿ. 12 ಯಾವುದನ್ನು ನಂಬಿಕೊಂಡಿದೆ? ಸರಾಸರಿಯನ್ನು. ಸರಾಸರಿ ಹುಟ್ಟಿದ್ದು 10ರಲ್ಲಿ. 10ಕ್ಕೆ ಎರಡು ಬೇಕು: ಒಟ್ಟು ಮತ್ತು ಸಂಖ್ಯೆ. ಒಟ್ಟು ಬರುವುದು 7ರಿಂದ ಮತ್ತು 2ರಿಂದ. ಸಂಖ್ಯೆ ಬರುವುದು 8ರಿಂದ ಮತ್ತು 3ರಿಂದ. 7ಕ್ಕೆ ಅಂಕ ಬೇಕು, ಅದು 6ರಿಂದ. 6, 7, 8 ಎಷ್ಟು ಸಲ ನಡೆಯಬೇಕು ಎಂದು ಹೇಳುವುದು 5. ಅಲ್ಲಿಗೆ ಮುಗಿಯಿತು. ನಮ್ಮ ಕೈಯಲ್ಲಿ ಉಳಿದದ್ದು 2, 3, 5, 6, 7, 8, 10, 12 ಎಂಬ ಎಂಟು ಸಾಲು. ದಿನಾಂಕಕ್ಕೂ ಶುಲ್ಕಕ್ಕೂ ಸೇರಿದ 1, 4, 9, 11 ಹೊರಗೆ ಹೋದವು. ತಪ್ಪು ಆ ನಾಲ್ಕರಲ್ಲಿ ಇರಲು ಸಾಧ್ಯವೇ ಇಲ್ಲ.

ಉಳಿದ ಎಂಟನ್ನು ಒಂದೊಂದಾಗಿ ಪರೀಕ್ಷಿಸಿ. 3ನೇ ಸಾಲು ‘ಸಂಖ್ಯೆ = 1’ ಎನ್ನುತ್ತದೆ. ಆರು ವಿಷಯ ಓದಿದ ಮೇಲೆ ಸಂಖ್ಯೆ 7 ಆಗುತ್ತದೆ. 480ನ್ನು 7ರಿಂದ ಭಾಗಿಸಿದರೆ 68.57. ಹುಡುಗಿ ಹೊರಗೆ!

ಅದು ಹೇಗೆ ಬಂತು ಅಂದರೆ, ಹಿಂದೆ ಮೊದಲನೇ ವಿಷಯವನ್ನು ಬೇರೆಯಾಗಿ ಓದಿಕೊಂಡು, ಮಿಕ್ಕವನ್ನು ಮಾತ್ರ ಸುತ್ತಿನೊಳಗೆ ಓದುತ್ತಿದ್ದರಂತೆ. ಆಗ 1ರಿಂದ ಶುರು ಮಾಡಿದ್ದು ಸರಿಯೇ. ಆಮೇಲೆ ಯಾರೋ ಎಲ್ಲ ವಿಷಯವನ್ನೂ ಸುತ್ತಿನೊಳಗೆ ತಂದರು, 3ನೇ ಸಾಲನ್ನು ತಿದ್ದುವುದು ಮರೆತರು. ಆಮೇಲೂ ಯಾರಿಗೂ ಅನುಮಾನ ಬರಲಿಲ್ಲ. ಯಾಕೆ? ಲೆಕ್ಕ ಹಾಕಿ. 7ರಿಂದ ಭಾಗಿಸಿಯೂ 75 ಬರಬೇಕಾದರೆ ಒಟ್ಟು 525 ಬೇಕು, ಅಂದರೆ ನಿಜವಾದ ಸರಾಸರಿ 87.5. ಅದಕ್ಕಿಂತ ಮೇಲಿದ್ದ ಮಕ್ಕಳ ಹೆಸರು ಎಂದಿನಂತೆ ಪಟ್ಟಿಗೆ ಬರುತ್ತಿತ್ತು. ಶಾಲೆಗೆ ಮೊದಲು ಬಂದವರಿಗೆ ಹಣ ಸಿಗುತ್ತಿತ್ತು, ಫೋಟೋ ಪತ್ರಿಕೆಯಲ್ಲಿ ಬರುತ್ತಿತ್ತು. 75ಕ್ಕೂ 87.5ಕ್ಕೂ ನಡುವೆ ಇದ್ದವರು ಸದ್ದಿಲ್ಲದೆ ಬಿದ್ದುಹೋಗುತ್ತಿದ್ದರು. ಹಿಂದಿನ ವರ್ಷದ ಪಟ್ಟಿಯೂ ಅದೇ ತಪ್ಪಿನಲ್ಲಿ ತಯಾರಾಗಿತ್ತು. ಕೇಳಲು ಬಂದದ್ದು ಈ ಒಬ್ಬಳ ತಂದೆ ಮಾತ್ರ.

ಹೀಗೆ ಒಂದು ಉತ್ತರಕ್ಕೆ ಕಾರಣವಾಗಬಲ್ಲ ಸಾಲುಗಳನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಬಿಡುವುದಕ್ಕೆ ಪ್ರೋಗ್ರಾಮ್ ಸ್ಲೈಸಿಂಗ್ ಎಂದು ಹೆಸರು. ಸ್ಲೈಸ್ ಅಂದರೆ ಹೋಳು. ಆದರೆ ಇದು ಕಲ್ಲಂಗಡಿಯನ್ನು ಒಂದು ಕಡೆಯಿಂದ ಕೊಯ್ದ ಹೋಳಲ್ಲ. ಬಣ್ಣಬಣ್ಣದ ಜಮಖಾನೆಯಿಂದ ಕೆಂಪು ನೂಲುಗಳನ್ನು ಮಾತ್ರ ಆರಿಸಿದ ಹಾಗೆ, ಸಾಲುಗಳು ಅಲ್ಲಿ ಒಂದು, ಇಲ್ಲಿ ಒಂದು ಇರುತ್ತವೆ.

ಈ ವಿಚಾರವನ್ನು ಮೊದಲು ಶಾಸ್ತ್ರವಾಗಿ ಬರೆದವರು ಅಮೆರಿಕದ ಮಾರ್ಕ್ ವೈಸರ್. 1979ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅವರು ಮಂಡಿಸಿದ ಪಿಎಚ್‌ಡಿ ಪ್ರಬಂಧದ ವಿಷಯವೇ ಇದು. 1982ರಲ್ಲಿ ಅವರು ಪ್ರಕಟಿಸಿದ ಒಂದು ಪ್ರಯೋಗ ಶಿಕ್ಷಕನಾದ ನನಗೆ ಬಹಳ ಮೆಚ್ಚುಗೆಯಾಯಿತು. ಅನುಭವಿ ಪ್ರೋಗ್ರಾಮರುಗಳಿಗೆ ತಪ್ಪಿರುವ ಪ್ರೋಗ್ರಾಮುಗಳನ್ನು ಕೊಟ್ಟು ತಪ್ಪು ಹುಡುಕಲು ಹೇಳಿದರು. ಆಮೇಲೆ ಕೆಲವು ತುಣುಕುಗಳನ್ನು ತೋರಿಸಿ, ಇದು ನೀವು ನೋಡಿದ ಪ್ರೋಗ್ರಾಮಿನಲ್ಲಿ ಇತ್ತೇ ಎಂದು ಕೇಳಿದರು. ತಪ್ಪಿಗೆ ಸಂಬಂಧಪಟ್ಟ ಹೋಳುಗಳನ್ನು, ಅವುಗಳ ಸಾಲುಗಳು ದೂರ ದೂರ ಚದುರಿದ್ದರೂ, ಅವರು ಚೆನ್ನಾಗಿ ಗುರುತಿಸಿದರು. ಸಂಬಂಧವಿಲ್ಲದ ಹೋಳುಗಳು ಅಷ್ಟಾಗಿ ನೆನಪಿನಲ್ಲಿ ಉಳಿದಿರಲಿಲ್ಲ. ಅಂದರೆ ಅನುಭವ ಇರುವವರು ತಿಳಿಯದೆಯೇ ಹೋಳು ಮಾಡಿಕೊಂಡು ಯೋಚಿಸುತ್ತಾರೆ. ನನ್ನ ಹಳೆಯ ವಿದ್ಯಾರ್ಥಿ ಮಾಡಿದ್ದೂ ಅದನ್ನೇ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಹನ್ನೆರಡು ಸಾಲನ್ನು ನಾವು ಬೆರಳಲ್ಲಿ ಹುಡುಕಿದೆವು. ಒಂದು ಲಕ್ಷ ಸಾಲಿದ್ದರೆ? ಆಗ ಯಂತ್ರ ಹುಡುಕಬೇಕು. ಅದು ಬೇಗ ಹುಡುಕಬೇಕು. ಬೇಗ ಎಂಬುದು ಇಲ್ಲಿ ಬರೀ ಜಂಬದ ಮಾತಲ್ಲ. ಆರು ವಾರಕ್ಕೂ ಒಂದು ಮಧ್ಯಾಹ್ನಕ್ಕೂ ಇರುವ ಅಂತರ ಏನೆಂದು ಆ ಹುಡುಗಿಯ ಮನೆಯವರಿಗೆ ಗೊತ್ತು.

ಲೆಕ್ಕವನ್ನು ಹಂತ ಹಂತವಾಗಿ ಮಾಡುವ ಕ್ರಮಕ್ಕೆ ಆಲ್ಗರಿದಮ್ ಎನ್ನುತ್ತಾರೆ. ಆ ಪದವೇ ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಜ್ಮಿ ಅವರ ಹೆಸರು ಲ್ಯಾಟಿನ್ ಭಾಷೆಗೆ ಹೋಗಿ ಬದಲಾದ ರೂಪ. ಒಳ್ಳೆಯ ಆಲ್ಗರಿದಮ್ ಅಂದರೆ ಉತ್ತರ ಸರಿ ಬಂದರೆ ಸಾಲದು, ಮಾಡಿದ ಕೆಲಸವನ್ನೇ ಮತ್ತೆ ಮಾಡಬಾರದು.

ವೈಸರ್ ಅವರ ವಿಧಾನದಲ್ಲಿ ಒಂದೊಂದು ಪ್ರಶ್ನೆಗೂ ಪ್ರೋಗ್ರಾಮಿನ ಮೇಲೆ ಲೆಕ್ಕವನ್ನು ಹೊಸದಾಗಿ ಶುರು ಮಾಡಬೇಕಿತ್ತು. ಸರಾಸರಿ ಯಾಕೆ ತಪ್ಪು ಎಂದು ಕೇಳಿದರೆ ಒಂದು ಲೆಕ್ಕ, ಶುಲ್ಕ ಯಾಕೆ ತಪ್ಪು ಎಂದು ಕೇಳಿದರೆ ಇನ್ನೊಂದು ಲೆಕ್ಕ. 1984ರಲ್ಲಿ ಕಾರ್ಲ್ ಮತ್ತು ಲಿಂಡಾ ಆಟೆನ್‌ಸ್ಟೈನ್ ಬೇರೆ ದಾರಿ ತೋರಿಸಿದರು. ಮೊದಲೇ ಒಂದು ನಕ್ಷೆ ಬರೆದಿಡಿ ಎಂದರು. ಪ್ರತಿ ಸಾಲಿಗೂ ಒಂದು ಬಿಂದು. ಒಂದು ಸಾಲು ಇನ್ನೊಂದನ್ನು ನಂಬಿಕೊಂಡಿದ್ದರೆ ಅವೆರಡರ ನಡುವೆ ಒಂದು ಬಾಣ.

ನಂಬಿಕೆ ಎರಡು ಬಗೆಯದು. 10ನೇ ಸಾಲು 7ರಲ್ಲಿ ಹುಟ್ಟಿದ ಒಟ್ಟನ್ನು ಬಳಸುತ್ತದೆ. ಇದು ದತ್ತಾಂಶದ ಅವಲಂಬನೆ. 7ನೇ ಸಾಲು ನಡೆಯಬೇಕೋ ಬೇಡವೋ ಎಂದು 5 ತೀರ್ಮಾನಿಸುತ್ತದೆ; ಇದು ನಿಯಂತ್ರಣದ ಅವಲಂಬನೆ. ಎರಡೂ ಬಾಣಗಳನ್ನು ಹಾಕಿದರೆ ಅದು ಅವಲಂಬನೆಯ ನಕ್ಷೆ. ಒಂದು ಸಲ ನಕ್ಷೆ ತಯಾರಾದರೆ ಮುಗಿಯಿತು. ಆಮೇಲೆ ಯಾವ ಪ್ರಶ್ನೆ ಕೇಳಿದರೂ, ತಪ್ಪು ಕಂಡ ಬಿಂದುವಿನಿಂದ ಬಾಣಗಳ ಬೆನ್ನು ಹಿಡಿದು ಹಿಂದಕ್ಕೆ ನಡೆದು, ಮುಟ್ಟಿದ ಬಿಂದುಗಳನ್ನು ಸೇರಿಸುವುದಷ್ಟೇ ಕೆಲಸ.

ಇಲ್ಲಿ ವಿದ್ಯಾರ್ಥಿಗಳು ಒಂದು ಸೂಕ್ಷ್ಮ ಗಮನಿಸಬೇಕು. ಹಲಗೆಯ ಮೇಲಿನ ಶುಲ್ಕದ ಹೋಳನ್ನು ಹೇಳಿ ಎಂದರೆ ಬಹಳ ಜನ 11, 9, 5, 4 ಎನ್ನುತ್ತಾರೆ. 6 ಬೇಡವೇ? ಅಂಕಕ್ಕೂ ಶುಲ್ಕಕ್ಕೂ ಏನು ಸಂಬಂಧ? ಸಂಬಂಧ ಇದೆ. 6ನೇ ಸಾಲು ಒಂದೊಂದೇ ವಿಷಯವನ್ನು ಓದಿ ಮುಗಿಸುತ್ತದೆ. ಅದನ್ನು ತೆಗೆದರೆ ‘ಓದದ ವಿಷಯ’ ಎಂದಿಗೂ ಖಾಲಿಯಾಗುವುದಿಲ್ಲ, ಸುತ್ತು ನಿಲ್ಲುವುದೇ ಇಲ್ಲ, ಶುಲ್ಕ ಏರುತ್ತಲೇ ಹೋಗುತ್ತದೆ. ಆದ್ದರಿಂದ 6 ಸೇರಲೇಬೇಕು. ಮೇಲ್ನೋಟಕ್ಕೆ ಸಂಬಂಧವಿಲ್ಲದ್ದನ್ನು ಆತುರದಲ್ಲಿ ಬಿಡಬೇಡಿ.

ಇನ್ನು ನಕ್ಷೆಯಲ್ಲಿ ಹೇಗೆ ನಡೆಯಬೇಕು? ಎರಡು ಪಟ್ಟಿ ಇಟ್ಟುಕೊಳ್ಳಿ. ಒಂದು ‘ನೋಡಬೇಕಾದವು’, ಇನ್ನೊಂದು ‘ನೋಡಿದವು’. ಮೊದಲ ಪಟ್ಟಿಯಿಂದ ಒಂದು ಬಿಂದು ತೆಗೆಯಿರಿ. ಅದು ನಂಬಿಕೊಂಡಿರುವ ಬಿಂದುಗಳಲ್ಲಿ ಈವರೆಗೆ ಯಾವ ಪಟ್ಟಿಗೂ ಬಾರದ್ದನ್ನು ಮಾತ್ರ ಮೊದಲ ಪಟ್ಟಿಗೆ ಸೇರಿಸಿ. ತೆಗೆದದ್ದನ್ನು ಎರಡನೇ ಪಟ್ಟಿಗೆ ಹಾಕಿ. ಮೊದಲ ಪಟ್ಟಿ ಖಾಲಿಯಾದಾಗ ಕೆಲಸ ಮುಗಿಯಿತು. ಹೀಗೆ ಮಾಡಿದರೆ ಒಂದು ಬಾಣವನ್ನು ಒಂದಕ್ಕಿಂತ ಹೆಚ್ಚು ಸಲ ಮುಟ್ಟುವುದಿಲ್ಲ. 3,000 ಬಾಣ ಇದ್ದರೆ ಹೆಚ್ಚೆಂದರೆ 3,000 ಹೆಜ್ಜೆ.

‘ನೋಡಿದವು’ ಎಂದು ಗುರುತು ಹಾಕದೆ ನಡೆದರೆ ಏನಾಗುತ್ತದೆ? ಒಂದು ದಾರಿ ಎರಡಾಗಿ ಕವಲೊಡೆದು ಮತ್ತೆ ಒಂದಾಗುತ್ತದೆ ಎಂದುಕೊಳ್ಳಿ. ಇಂಥ ಕವಲು ಒಂದಾದ ಮೇಲೊಂದು 20 ಇದ್ದರೆ, ಹೋಗಬಹುದಾದ ದಾರಿಗಳು 2ರ ಘಾತ 20, ಅಂದರೆ 10,48,576. ಬಿಂದುಗಳು ನೂರೂ ಇರುವುದಿಲ್ಲ, ಓಡಾಟ ಹತ್ತು ಲಕ್ಷ ದಾಟುತ್ತದೆ. ಆ ಕಚೇರಿಯ ಹುಡುಗ ದಿನಾ ಮೊದಲಿನಿಂದ ಓದುತ್ತಿದ್ದನಲ್ಲ, ಅವನ ಕಷ್ಟ ಇದೇ. ಅವನಿಗೆ ಬುದ್ಧಿ ಕಡಿಮೆ ಇರಲಿಲ್ಲ. ನೋಡಿದ್ದನ್ನು ಗುರುತು ಹಾಕಿಕೊಳ್ಳುವ ಒಂದು ನೋಟ್‌ಬುಕ್ ಇರಲಿಲ್ಲ, ಅಷ್ಟೇ.

ಇಷ್ಟಕ್ಕೆ ಮುಗಿದಿದ್ದರೆ ವಿಷಯ ಸುಲಭವಿತ್ತು. ಆದರೆ ದೊಡ್ಡ ಪ್ರೋಗ್ರಾಮುಗಳು ಒಂದೇ ಉದ್ದದ ಪಟ್ಟಿಯಾಗಿ ಇರುವುದಿಲ್ಲ. ಚಿಕ್ಕ ಚಿಕ್ಕ ಭಾಗಗಳಾಗಿ, ಅಂದರೆ ಫಂಕ್ಷನ್‌ಗಳಾಗಿ ಇರುತ್ತವೆ. ಒಂದೇ ಫಂಕ್ಷನ್ನನ್ನು ಹತ್ತಾರು ಕಡೆಯಿಂದ ಕರೆಯುತ್ತಾರೆ. ಅಲ್ಲಿ ಒಂದು ತೊಡಕು ಬರುತ್ತದೆ. ನಮ್ಮೂರಿನ ಹಿಟ್ಟಿನ ಗಿರಣಿಯ ಉದಾಹರಣೆಯಿಂದ ಹೇಳುತ್ತೇನೆ.

ಊರಿಗೆಲ್ಲ ಒಂದೇ ಗಿರಣಿ. ಎಲ್ಲರೂ ತಮ್ಮ ತಮ್ಮ ಜೋಳ ಕೊಟ್ಟು ತಮ್ಮ ತಮ್ಮ ಹಿಟ್ಟು ತರುತ್ತಾರೆ. ನಿಮ್ಮ ಮನೆಯ ರೊಟ್ಟಿ ಕಹಿಯಾಯಿತು. ಹಿಟ್ಟಿನ ಬೆನ್ನು ಹಿಡಿದು ಹಿಂದಕ್ಕೆ ನಡೆದರೆ ಗಿರಣಿಗೆ ಬರುತ್ತೀರಿ. ಗಿರಣಿಗೆ ಜೋಳ ಎಲ್ಲಿಂದ ಬಂತು? ಊರಿನ ಎಲ್ಲ ಮನೆಗಳಿಂದ. ಹಾಗಾದರೆ ಊರಿನವರೆಲ್ಲರ ಮೇಲೂ ಅನುಮಾನ ಪಡಬೇಕೇ? ಬೇಡ. ನಿಮ್ಮ ಹಿಟ್ಟಿಗೆ ಕಾರಣ ನಿಮ್ಮ ಜೋಳ ಮತ್ತು ಗಿರಣಿ, ಅಷ್ಟೇ. ಯಾವ ಮನೆಯಿಂದ ಗಿರಣಿಯೊಳಗೆ ಹೋದಿರೋ ಅದೇ ಮನೆಗೆ ಹೊರಗೆ ಬರಬೇಕು. ಬರೀ ಬಾಣಗಳನ್ನು ನೋಡಿ ನಡೆಯುವ ಯಂತ್ರಕ್ಕೆ ಈ ವಿವೇಕ ಇರುವುದಿಲ್ಲ. ಅದು ಬೇರೆಯವರ ಮನೆಗೂ ನುಗ್ಗುತ್ತದೆ, ಹೋಳು ಸುಮ್ಮನೆ ಊದಿಕೊಳ್ಳುತ್ತದೆ.

ಇದಕ್ಕೆ ಪರಿಹಾರ ಕೊಟ್ಟವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೂಸನ್ ಹಾರ್ವಿಟ್ಸ್, ಥಾಮಸ್ ರೆಪ್ಸ್ ಮತ್ತು ಡೇವಿಡ್ ಬಿಂಕ್ಲಿ. ಅವರ ಲೇಖನ 1988ರಲ್ಲಿ ಬಂತು, ಪೂರ್ಣ ರೂಪದಲ್ಲಿ 1990ರಲ್ಲಿ. ಅವರ ಉಪಾಯ ಎರಡು ಭಾಗದ್ದು. ಒಂದು: ಗಿರಣಿಯನ್ನು ಮೊದಲೇ ಪರೀಕ್ಷಿಸಿ, ಒಳಗೆ ಹೋದ ಯಾವ ವಸ್ತು ಹೊರಗೆ ಬರುವ ಯಾವ ವಸ್ತುವಿಗೆ ಕಾರಣ ಎಂದು ಬರೆದಿಡಿ. ಅದನ್ನು ಪ್ರತಿ ಮನೆಯ ಬಾಗಿಲಲ್ಲೂ ಒಂದು ಅಡ್ಡದಾರಿಯ ಬಾಣವಾಗಿ ಹಾಕಿ. ಇದಕ್ಕೆ ಸಾರಾಂಶದ ಬಾಣ ಎನ್ನೋಣ. ಎರಡು: ನಡಿಗೆಯನ್ನು ಎರಡು ಸುತ್ತಿನಲ್ಲಿ ಮಾಡಿ. ಮೊದಲ ಸುತ್ತಿನಲ್ಲಿ ಕರೆದವರ ಕಡೆಗೆ ಮಾತ್ರ ಹೋಗಿ. ಗಿರಣಿ ಎದುರಾದರೆ ಒಳಗೆ ಇಳಿಯದೆ ಸಾರಾಂಶದ ಬಾಣ ಹಿಡಿದು ದಾಟಿ. ಎರಡನೇ ಸುತ್ತಿನಲ್ಲಿ ಗಿರಣಿಗಳ ಒಳಕ್ಕೆ ಇಳಿಯಿರಿ, ಆದರೆ ಮತ್ತೆ ಮೇಲಕ್ಕೆ ಹತ್ತಬೇಡಿ. ಆಗ ಬೇರೆಯವರ ಮನೆಗೆ ನುಗ್ಗುವ ಸಂದರ್ಭವೇ ಬರುವುದಿಲ್ಲ. ಸಾರಾಂಶದ ಬಾಣಗಳನ್ನು ಲೆಕ್ಕ ಹಾಕುವುದೇ ಇದರಲ್ಲಿ ಹೆಚ್ಚು ಹೊತ್ತು ಹಿಡಿಯುವ ಕೆಲಸ. 1994ರಲ್ಲಿ ರೆಪ್ಸ್, ಹಾರ್ವಿಟ್ಸ್ ಮತ್ತು ಅವರ ಜೊತೆಗಾರರು ಅದನ್ನೂ ವೇಗವಾಗಿ ಮಾಡುವ ದಾರಿ ಕಂಡುಕೊಂಡರು. ಹೆಚ್ಚಿನ ಶ್ರಮವನ್ನು ಮುಂಚೆಯೇ ಒಂದು ಸಲ ಪಡುವುದು, ಆಮೇಲೆ ಪ್ರತಿ ಪ್ರಶ್ನೆಗೂ ಹಗುರವಾಗಿ ಉತ್ತರ ಕೊಡುವುದು: ಎಲ್ಲದರ ಗುಟ್ಟು ಇದೇ.

ಇನ್ನೊಂದು ಬಗೆಯ ಹೋಳಿದೆ. ಈವರೆಗೆ ಹೇಳಿದ್ದು ಪ್ರೋಗ್ರಾಮನ್ನು ಓಡಿಸದೆ, ಓದಿಯೇ ಮಾಡುವ ಹೋಳು. ಅದು ಎಲ್ಲ ವಿದ್ಯಾರ್ಥಿಗಳಿಗೂ ಅನ್ವಯ. ಆದರೆ ನಮ್ಮ ಪ್ರಶ್ನೆ ಒಬ್ಬ ಹುಡುಗಿಯದು. ಆ ದೊಡ್ಡ ಪ್ರೋಗ್ರಾಮಿನಲ್ಲಿ ಕ್ರೀಡಾಪಟುಗಳಿಗೆ ಹೆಚ್ಚುವರಿ ಅಂಕ ಸೇರಿಸುವ ಸಾಲುಗಳೂ ಇದ್ದವು. ಇವಳು ಕ್ರೀಡಾಪಟು ಅಲ್ಲ, ಆದ್ದರಿಂದ ಇವಳ ಲೆಕ್ಕದಲ್ಲಿ ಆ ಸಾಲುಗಳು ಓಡಲೇ ಇಲ್ಲ. ಅವನ್ನು ಯಾಕೆ ನೋಡಬೇಕು? ನಿಜವಾಗಿ ಓಡಿದ ಸಾಲುಗಳಲ್ಲಿ ಮಾತ್ರ ಹಿಂದಕ್ಕೆ ನಡೆಯುವುದಕ್ಕೆ ಡೈನಾಮಿಕ್ ಸ್ಲೈಸಿಂಗ್ ಎಂದು ಹೆಸರು. ಬೊಗ್ಡಾನ್ ಕೊರೆಲ್ ಮತ್ತು ಯಾನುಸ್ ಲಾಸ್ಕಿ 1988ರಲ್ಲಿ ಇದನ್ನು ಮುಂದಿಟ್ಟರು. ಹೋಳು ಬಹಳ ಚಿಕ್ಕದಾಗುತ್ತದೆ. ಆದರೆ ಒಂದು ಸುತ್ತು ಲಕ್ಷ ಸಲ ನಡೆದರೆ ನಕ್ಷೆಯೂ ಲಕ್ಷಪಟ್ಟು ಬೆಳೆಯುತ್ತದೆ. 1990ರಲ್ಲಿ ಹೀರಾಲಾಲ್ ಅಗರ್ವಾಲ್ ಮತ್ತು ಜೋಸೆಫ್ ಹೊರ್ಗನ್ ಒಂದು ಉಪಾಯ ಹೇಳಿದರು: ಹೊಸ ಬಿಂದುವಿನ ಹೋಳು ಹಿಂದಿನ ಒಂದರಂತೆಯೇ ಇದ್ದರೆ ಹೊಸದನ್ನು ಬರೆಯಬೇಡಿ, ಹಳೆಯದನ್ನೇ ಬಳಸಿ. ನಮ್ಮ ದೇಶದಲ್ಲೂ ಖರಗಪುರದ ಐಐಟಿಯಲ್ಲಿ ರಾಜೀಬ್ ಮಾಲ್ ಮತ್ತು ಅವರ ಶಿಷ್ಯರು ಡೈನಾಮಿಕ್ ಸ್ಲೈಸಿಂಗನ್ನು ವೇಗವಾಗಿಸುವ ಕೆಲಸ ಮಾಡಿದ್ದಾರೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾಗಿರುವ ರಾಘವನ್ ಕೋಮಂಡೂರ್ ಅವರು ವಿಸ್ಕಾನ್ಸಿನ್‌ನಲ್ಲಿದ್ದಾಗ ಸೂಸನ್ ಹಾರ್ವಿಟ್ಸ್ ಅವರೊಂದಿಗೆ, ಪ್ರೋಗ್ರಾಮಿನಲ್ಲಿ ನಕಲಾಗಿರುವ ಭಾಗಗಳನ್ನು ಸ್ಲೈಸಿಂಗ್‌ನಿಂದ ಪತ್ತೆ ಹಚ್ಚುವ ಬಗೆಯನ್ನು 2001ರಲ್ಲಿ ಪ್ರಕಟಿಸಿದರು.

ಮಕ್ಕಳೇ, ತಪ್ಪು ಸಿಕ್ಕಿದ ಕೂಡಲೇ ತಿದ್ದಲು ಕೈ ಹಾಕಬೇಡಿ. ಅವತ್ತು ಸಂಜೆ ‘ಸಂಖ್ಯೆ = 1’ ಎಂಬುದು ಕಂಡಾಗ ನಾನು, “ಸೊನ್ನೆ ಮಾಡಪ್ಪಾ, ಮುಗಿಯಿತು” ಅಂದೆ. ಅವನು, “ತಡೀರಿ ಸರ್, ಈ ಸಂಖ್ಯೆಯನ್ನು ಇನ್ನೆಲ್ಲಿ ಬಳಸಿದ್ದಾರೋ ನೋಡಬೇಕು” ಅಂದ. ನೋಡಿದರೆ ಅಂಕಪಟ್ಟಿಯ ಪ್ರತಿಗಳನ್ನು ಎಣಿಸುವ ಒಂದು ಸಾಲು ಅದೇ ಸಂಖ್ಯೆಯಿಂದ 1 ಕಳೆಯುತ್ತಿತ್ತು. ಯಾರೋ ಅಲ್ಲಿ ಮಾತ್ರ ತೇಪೆ ಹಾಕಿದ್ದರು! ಮೇಲಿನದನ್ನು ತಿದ್ದಿ ಇದನ್ನು ಬಿಟ್ಟಿದ್ದರೆ ಆ ಲೆಕ್ಕ ಕೆಡುತ್ತಿತ್ತು. ಒಂದು ಸಾಲು ಬದಲಾದರೆ ಯಾವುದಕ್ಕೆಲ್ಲ ತಟ್ಟುತ್ತದೆ ಎಂದು ಬಾಣಗಳಲ್ಲಿ ಮುಂದಕ್ಕೆ ನಡೆದು ನೋಡುವುದು ಮುಮ್ಮುಖ ಹೋಳು. ಹಿಂದಕ್ಕೆ ನಡೆದರೆ ಕಾರಣ ಸಿಗುತ್ತದೆ, ಮುಂದಕ್ಕೆ ನಡೆದರೆ ಪರಿಣಾಮ ಸಿಗುತ್ತದೆ. ನಕ್ಷೆ ಒಂದೇ.

ಇದರ ಮಿತಿಯನ್ನೂ ಹೇಳದಿದ್ದರೆ ಅರ್ಧ ಪಾಠ ಹೇಳಿದಂತೆ. ಎಲ್ಲ ಪ್ರೋಗ್ರಾಮುಗಳಿಗೂ ಅತ್ಯಂತ ಚಿಕ್ಕ ಹೋಳನ್ನು ಕಂಡುಹಿಡಿಯುವ ಆಲ್ಗರಿದಮ್ ಇರಲು ಸಾಧ್ಯವಿಲ್ಲ ಎಂಬುದನ್ನು ವೈಸರ್ ಅವರೇ ತೋರಿಸಿದ್ದಾರೆ. ಆದ್ದರಿಂದ ಈ ಯಂತ್ರಗಳು ಒಂದು ನಿಯಮ ಪಾಲಿಸುತ್ತವೆ: ಸಂಬಂಧ ಇದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಆ ಸಾಲನ್ನು ಉಳಿಸಿಕೊಳ್ಳುತ್ತವೆ. ಬೇಡದ್ದು ನಾಲ್ಕು ಸೇರಿದರೆ ಓದುವವರಿಗೆ ಸ್ವಲ್ಪ ಹೆಚ್ಚು ಕೆಲಸ. ಬೇಕಾದದ್ದು ಒಂದು ಬಿಟ್ಟುಹೋದರೆ ಇಡೀ ಹುಡುಕಾಟ ವ್ಯರ್ಥ. ಹೀಗೆ ಉಳಿಸಿಕೊಂಡರೂ ಲಾಭ ಎಷ್ಟು? ಬಿಂಕ್ಲಿ ಮತ್ತು ಮಾರ್ಕ್ ಹರ್ಮನ್ ಅವರು ಸಿ ಭಾಷೆಯ 43 ಪ್ರೋಗ್ರಾಮುಗಳನ್ನು, ಒಟ್ಟು ಸುಮಾರು ಹತ್ತು ಲಕ್ಷ ಸಾಲುಗಳನ್ನು ತೆಗೆದುಕೊಂಡು ಅಳೆದರು. ಓದಿ ಮಾಡುವ ಹೋಳಿನ ಸರಾಸರಿ ಗಾತ್ರ ಪ್ರೋಗ್ರಾಮಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಬಂತು. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚನ್ನು ನೋಡಲೇಬೇಕಾಗಿಲ್ಲ. ಉಳಿದ ಪಾಲನ್ನು ಮನುಷ್ಯನೇ ಓದಬೇಕು. 3ನೇ ಸಾಲು ತಪ್ಪು ಎಂದು ಯಂತ್ರ ಹೇಳಲಿಲ್ಲ, ಹೇಳುವುದೂ ಇಲ್ಲ. ಅದು ತಪ್ಪು ಎಂದು ಹೇಳಬೇಕಾದರೆ ಸರಾಸರಿ ಅಂದರೇನು ಎಂದು ಗೊತ್ತಿರಬೇಕು.

ಇಂಜಿನಿಯರಿಂಗ್ ಮತ್ತು ಬಿಸಿಎ ಓದುತ್ತಿರುವ ಮಕ್ಕಳಿಗೆ ಎರಡು ಮಾತು. ನೀವು ಕೆಲಸಕ್ಕೆ ಸೇರಿದ ಮೇಲೆ ಹೊಸದಾಗಿ ಬರೆಯುವುದಕ್ಕಿಂತ ಬೇರೆಯವರು ಬರೆದದ್ದನ್ನು ಓದುವ ಕೆಲಸವೇ ಹೆಚ್ಚು. ಅದಕ್ಕೆ ಹೆದರಬೇಡಿ, ಕ್ರಮ ಕಲಿಯಿರಿ. ಹತ್ತು ಸಾಲಿನ ಪ್ರೋಗ್ರಾಮ್ ಬರೆದು, ಸಾಲಿಗೆ ಸಂಖ್ಯೆ ಹಾಕಿ, ಕಾಗದದ ಮೇಲೆ ಬಾಣ ಎಳೆದು ಹೋಳು ಮಾಡಿ. ಆಮೇಲೆ ಅದನ್ನೇ ಮಾಡುವ ಚಿಕ್ಕ ಪ್ರೋಗ್ರಾಮ್ ನೀವೇ ಬರೆಯಿರಿ. ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ಸಿ ಭಾಷೆಯ ಪ್ರೋಗ್ರಾಮುಗಳನ್ನು ಹೋಳು ಮಾಡುವ ಸೌಲಭ್ಯ ಫ್ರಾನ್ಸಿನವರು ಮಾಡಿದ ಫ್ರಾಮಾ-ಸಿ ಎಂಬ ಉಪಕರಣದಲ್ಲಿದೆ, ಅದು ಉಚಿತ. ರಾಜೀಬ್ ಮಾಲ್ ಅವರ ಸಾಫ್ಟ್‌ವೇರ್ ಇಂಜಿನಿಯರಿಂಗ್ ಪಾಠಗಳು ಎನ್‌ಪಿಟಿಇಎಲ್‌ನಲ್ಲಿವೆ, ನೋಡಲು ದುಡ್ಡು ಕೊಡಬೇಕಾಗಿಲ್ಲ. ಸಂಕೋಚ ಬಿಟ್ಟು ಶುರು ಮಾಡಿ.

ಟ್ರಸ್ಟಿನ ಹಿರಿಯರಲ್ಲಿ ಒಂದು ವಿನಂತಿ. ಆ ಸಂಸ್ಥೆಯ ಪಟ್ಟಿಯಲ್ಲಿ ಬರೀ ಹೆಸರು ಇರುತ್ತಿತ್ತು. ಹೆಸರಿನ ಮುಂದೆ ಸರಾಸರಿಯನ್ನೂ ಅಚ್ಚು ಹಾಕಿದ್ದರೆ, ತಮ್ಮ ಅಂಕ ಗೊತ್ತಿದ್ದ ಯಾವ ಮಗುವಾದರೂ ಮೊದಲ ದಿನವೇ ತಪ್ಪು ಹಿಡಿಯುತ್ತಿತ್ತು. ತಪ್ಪು ಕಾಣಿಸದಿದ್ದರೆ ಹಿಂದಕ್ಕೆ ನಡೆಯಲು ಶುರು ಮಾಡುವುದಾದರೂ ಎಲ್ಲಿಂದ? ನಮ್ಮ ಪಟ್ಟಿಯಲ್ಲಿ ಆಯ್ಕೆಯಾದವರ ಸರಾಸರಿಯೂ ಇರಲಿ. ಆಗದವರಿಗೆ ಅವರವರ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಕೇಳಲು ಬಂದವರನ್ನು ‘ಕಂಪ್ಯೂಟರಿನಲ್ಲಿ ಹಾಗೇ ಬಂದಿದೆ’ ಎಂದು ಹಿಂದಕ್ಕೆ ಕಳಿಸಬೇಡಿ.

ಆ ಹುಡುಗಿಗೆ ತಿದ್ದಿದ ಪಟ್ಟಿಯಲ್ಲಿ ಹಣ ಬಂತು. ಮುಂದಿನ ವರ್ಷ ಕಾಲೇಜಿಗೆ ಸೇರಿದಳು, ಓದು ಮುಗಿಸಿದಳು, ಈಗ ಕೆಲಸದಲ್ಲಿದ್ದಾಳೆ. ಹಿಂದಿನ ವರ್ಷದ ಪಟ್ಟಿಯಲ್ಲಿ ಬಿದ್ದುಹೋದವರಲ್ಲಿ ಕೆಲವರನ್ನು ಹುಡುಕಿ ಕೊಟ್ಟರು. ಕೆಲವರು ಸಿಗಲಿಲ್ಲ. ಅವರು ಎಲ್ಲಿದ್ದಾರೋ, ತಮ್ಮದೇ ತಪ್ಪು ಎಂದುಕೊಂಡಿದ್ದಾರೋ ಏನೋ ಎಂದು ನನಗೆ ಈಗಲೂ ಅನಿಸುತ್ತದೆ. ಇವತ್ತು ಇಲ್ಲಿ ವಿದ್ಯಾರ್ಥಿವೇತನ ಪಡೆಯುವ ಮಕ್ಕಳಲ್ಲಿ ಯಾರಾದರೂ ನಾಳೆ ಇಂಥದೊಂದು ಪಟ್ಟಿಯ ಪ್ರೋಗ್ರಾಮನ್ನು ನೋಡಿಕೊಳ್ಳುವ ಕೆಲಸದಲ್ಲಿ ಕೂತಿರುತ್ತೀರಿ. ನಿಮ್ಮ ಮುಂದೆ ಒಬ್ಬ ತಂದೆ ಅಂಕಪಟ್ಟಿ ಹಿಡಿದು ನಿಂತರೆ, ಅವರನ್ನು ಕೂರಿಸಿ, ಅಂಕಪಟ್ಟಿ ಕೈಗೆ ತೆಗೆದುಕೊಂಡು, ಕೊನೆಯ ಸಾಲಿನಿಂದ ಹಿಂದಕ್ಕೆ ನಡೆಯಲು ಶುರು ಮಾಡಿ.